ಬಾಯ್ಲರ್ ಒಳಗಿನಿಂದ ಎರಡು ಏಟು

ಬಾಗಿಲು ಹಾಕ್ಕೊಂಡು ಬನ್ನಿ. ಇದು ಕಟ್ಟಿ ಹೇಳ್ತಿರೋ ಕತೆ ಅಲ್ಲ. ನಮ್ಮಕ್ಕನ ಗಂಡನಿಗೆ ಆಗಿದ್ದು, ಕೊನೆಗೆ ನನ್ನ ಕೊರಳಿಗೂ ಸುತ್ತಿಕೊಂಡಿದ್ದು. ನಾನು ಹೊಲಿಗೆ ಕೆಲಸದವಳು, ಅಳತೆ ತಪ್ಪಿ ಮಾತಾಡಿ ಅಭ್ಯಾಸ ಇಲ್ಲ. ನಂಬೋದಾದ್ರೆ ಕೂತ್ಕೊಳ್ಳಿ. ನಗೋದಾದ್ರೆ ಆಚೆ ಹೋಗಿ ನಗಿ... ಆಚೆ ಕತ್ತಲಿದೆ, ಅಷ್ಟೇ.

ಆವತ್ತು ರಾತ್ರಿ ನಮ್ಮ ಭಾವ ಫ್ಯಾಕ್ಟರಿಯಿಂದ ಒಬ್ಬರೇ ನಡ್ಕೊಂಡು ಬರ್ತಿದ್ರು. ಮುಖ್ಯ ರಸ್ತೆ ಹಿಡಿದ್ರೆ ಸುತ್ತು, ಬಾವಿ ಪಕ್ಕದ ದಾರಿ ಹಿಡಿದ್ರೆ ಹತ್ತಿರ. ಆ ಬಾವಿ ಹಿಂದಿನ ಕಾಲದಲ್ಲಿ ಉಗಿ ಇಂಜಿನ್‌ಗಳಿಗೆ ನೀರು ತುಂಬೋಕೆ ತೋಡಿಸಿದ್ದು. ಈಗ ನೀರಿಲ್ಲ, ಬರೀ ಕಸ. ಬಾಯಿಗೆ ಕಬ್ಬಿಣದ ಜಾಲರಿ ಇಟ್ಟು ವೆಲ್ಡಿಂಗ್ ಮಾಡಿಬಿಟ್ಟಿದಾರೆ. ಅದರ ಹಿಂದೇನೇ ಉದ್ದನೆ ತಗಡಿನ ಶೆಡ್ಡು. ಮೊದಲು ಅದು ರೈಲು ಮ್ಯೂಸಿಯಂ ಆಗಿತ್ತು. ನಾನೂ ಅಕ್ಕನೂ ಚಿಕ್ಕವರಿದ್ದಾಗ ಅಲ್ಲಿ ಇಂಜಿನ್ ಮೇಲೆ ಹತ್ತಿ, ಕೂ ಅಂತ ಕೂಗಿ, ಕಾವಲಿನವರ ಹತ್ರ ಬೈಸ್ಕೊಂಡಿದ್ದೇ ಬೈಸ್ಕೊಂಡಿದ್ದು. ಆಮೇಲೆ ಮಾಡು ಸೋರೋಕೆ ಶುರುವಾಯ್ತು, ಜನ ಬರೋದು ನಿಂತಿತು, ಗೇಟಿಗೆ ಬೀಗ ಬಿತ್ತು. ಒಂದೊಂದೇ ಇಂಜಿನ್ನನ್ನ ಬೇರೆ ಊರಿನ ಹೊಸ ಮ್ಯೂಸಿಯಂಗೆ ಸಾಗಿಸಿದ್ರು. ಕೊನೆಗೆ ಉಳಿದಿದ್ದು ಒಂದೇ, ಎಲ್ಲಕ್ಕಿಂತ ದೊಡ್ಡದು. ಮಾರನೇ ದಿನ ಅದಕ್ಕೂ ಲಾರಿ ಬರೋದಿತ್ತು.

ಭಾವ ಓಡ್ತಾ ಇದ್ರು ಅಂತಲೇ ಹೇಳ್ಬೇಕು. ಅಕ್ಕನಿಗೆ ಹೆರಿಗೆ ನೋವು ಶುರುವಾಗಿತ್ತು. ಅಮ್ಮನೂ ನಾನೂ ಅವಳನ್ನ ಆಸ್ಪತ್ರೆಗೆ ಸೇರಿಸಿ ಫೋನ್ ಮಾಡಿದ್ವಿ.

ಇಲ್ಲೊಂದು ವಿಷಯ ಹೇಳ್ಬೇಕು, ಇಲ್ದಿದ್ರೆ ಮುಂದಿನದು ಅರ್ಥ ಆಗಲ್ಲ. ಭಾವ ಬಟ್ಟೆಗೆ ಬಣ್ಣ ಹಾಕೋ ಫ್ಯಾಕ್ಟರಿಯಲ್ಲಿ ಬಾಯ್ಲರ್ ಕೆಲಸದವರು. ಬಾಯ್ಲರ್ ಆರಿಸಿದಾಗ ಒಳಗೆ ಮನುಷ್ಯ ಇಳಿದು ಗೋಡೆಗೆ ಸುಣ್ಣದ ಹಾಗೆ ಗಟ್ಟಿಯಾಗಿ ಕಟ್ಟಿದ ಹೆಕ್ಕಳೆ ಕೆರೀಬೇಕು. ಒಬ್ಬ ಒಳಗೆ ಹೋದ್ರೆ ಇನ್ನೊಬ್ಬ ಬಾಯಿ ಹತ್ರ ನಿಲ್ಲಲೇಬೇಕು. ಒಳಗಿರೋನು ಕೂಗಿದ್ರೆ ಕೇಳಿಸಲ್ಲ. ಅದಕ್ಕೇ ಸುತ್ತಿಗೆ. ಒಳಗಿಂದ ಎರಡು ಏಟು ಬಿದ್ರೆ, ಹೊರಗಿದ್ದೀಯಾ ಅಂತ. ಹೊರಗಿನವನು ಎರಡು ಏಟು ಹಾಕಿದ್ರೆ, ಇದ್ದೀನಿ ಅಂತ. ಮೂರು ಏಟು ಬಿದ್ರೆ, ಬರ್ತಾ ಇದ್ದೀನಿ ಕೈ ಕೊಡು ಅಂತ. ಒಂದು ಸಲ ಇದ್ದೀನಿ ಅಂದವನು ಆ ಜಾಗ ಬಿಡೋ ಹಾಗಿಲ್ಲ. ಬಿಡಬೇಕಾದ್ರೆ ಇನ್ನೊಬ್ಬ ಬಂದು ಹೆಗಲು ಮುಟ್ಟಿ, ನಾನು ನಿಲ್ತೀನಿ ಅನ್ನಬೇಕು. ಬರೆದಿಟ್ಟ ಕಾನೂನಲ್ಲ ಅದು. ಅವರವರ ಮಾತು.

ಭಾವನಿಗೆ ಇದು ಎಷ್ಟು ಮೈಗೂಡಿತ್ತು ಅಂದ್ರೆ, ಅಕ್ಕ ಒಲೆ ಹತ್ರ ಸೌಟನ್ನ ಪಾತ್ರೆ ಅಂಚಿಗೆ ಎರಡು ಸಲ ತಟ್ಟಿದ್ರೆ, ಊಟಕ್ಕೆ ಕೂತಿದ್ದವರು ತಟ್ಟೆಗೆ ಎರಡು ಸಲ ತಟ್ಟೋರು. ನಾವೆಲ್ಲ ಬಿದ್ದು ಬಿದ್ದು ನಗ್ತಿದ್ವಿ. ಅವರಿಗೆ ತಟ್ಟಿದ್ದೇ ಗೊತ್ತಿರ್ತಿರಲಿಲ್ಲ.

ಅಕ್ಕನ ಮೊದಲನೇ ಹೆರಿಗೆ ದಿನವೂ ಭಾವ ಹಾಗೇ ಬಾಯ್ಲರ್ ಹೊರಗೆ ನಿಂತಿದ್ರು. ಒಳಗೆ ಒಬ್ಬನಿದ್ದ, ಜಾಗಕ್ಕೆ ಬರೋಕೆ ಬೇರೆ ಯಾರೂ ಇರಲಿಲ್ಲ. ಬಿಟ್ಟು ಬರಲಿಲ್ಲ. ಬರೋ ಹೊತ್ತಿಗೆ ಮಗು ಹುಟ್ಟಿ, ತೀರಿಯೂ ಹೋಗಿತ್ತು. ಅಕ್ಕ ಅಳಲಿಲ್ಲ, ಬೈಯಲಿಲ್ಲ. ಎಷ್ಟೋ ದಿನ ಅವರ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ, ಅಷ್ಟೇ. ಈ ಸಲ ಭಾವ ಅವಳ ಕೈ ಹಿಡಿದು ಹೇಳಿದ್ರು, "ಒಳಗೆ ಯಾರೇ ಇರ್ಲಿ ಕಣೇ, ಬಿಟ್ಟು ಬರ್ತೀನಿ." ನಾನು ಪಕ್ಕದಲ್ಲೇ ಇದ್ದೆ. ಅಕ್ಕ ಆ ಮಾತನ್ನೇ ನಂಬಿಕೊಂಡು ಆಸ್ಪತ್ರೆ ಹಾಸಿಗೆ ಮೇಲೆ ಮಲಗಿದ್ಲು.

ಸರಿ. ಭಾವ ಬಾವಿ ಹತ್ರ ಬಂದ್ರು. ಗಾಳಿ ಇಲ್ಲ. ಶೆಡ್ಡಿನ ಮಾಡಿನಲ್ಲಿ ಒಂದು ಸಡಿಲ ತಗಡು ಇತ್ತು, ಯಾವಾಗಲೂ ಪಟಪಟ ಅಂತಿತ್ತು. ಆವತ್ತು ಅದೂ ಸುಮ್ಮನಿತ್ತು. ಕಾಲ ಕೆಳಗೆ ಜಲ್ಲಿ ಕರಕರ ಅನ್ನೋದು ಬಿಟ್ರೆ ಬೇರೆ ಸದ್ದಿಲ್ಲ.

ಆಗ ಕೇಳಿಸ್ತು.

ಟಣ್... ಟಣ್.

ದಪ್ಪ ಕಬ್ಬಿಣಕ್ಕೆ ಒಳಗಡೆಯಿಂದ ಬಿದ್ದ ಏಟು. ಹೊರಗಿಂದ ಬಿದ್ರೆ ಸದ್ದು ಚೂಪಾಗಿರತ್ತಂತೆ, ಒಳಗಿಂದ ಬಿದ್ರೆ ಸ್ವಲ್ಪ ಮಂಕು. ಭಾವನ ಕೈಯಲ್ಲಿ ಸ್ಟೀಲಿನ ಊಟದ ಡಬ್ಬಿ ಇತ್ತು. ತಲೆ ಯೋಚನೆ ಮಾಡೋಕೆ ಮುಂಚೆ ಕೈ ಎದ್ದುಬಿಡ್ತು. ಮ್ಯೂಸಿಯಂ ಗೇಟಿನ ಸರಳಿಗೆ ಡಬ್ಬಿಯಿಂದ ಎರಡು ಸಲ ತಟ್ಟಿದ್ರು.

ಟಿಣ್. ಟಿಣ್.

ಒಳಗೆ ಸದ್ದು ನಿಂತಿತು. ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ... ಆಮೇಲೆ ಕೆಲಸ ಶುರುವಾಯ್ತು. ಕರ್ರ್... ಕರ್ರ್... ಹೆಕ್ಕಳೆ ಕೆರೆಯೋ ಸದ್ದು. ಹೊರಗೆ ಜನ ಇದಾರೆ ಅಂತ ಧೈರ್ಯ ಬಂದವರು ಕೆರೆಯೋ ಹಾಗೆ, ನಿಧಾನಕ್ಕೆ.

ಭಾವನಿಗೆ ಮೊದಲು ಹೊಳೆದಿದ್ದು ಕಳ್ಳರು ಅಂತ. ತಾಮ್ರ ಬಿಚ್ಚೋಕೆ ಬಂದಿರಬೇಕು. ಆದ್ರೆ ಯಾವ ಕಳ್ಳ ಹೆಕ್ಕಳೆ ಕೆರೀತಾನೆ? ಹೋಗಿಬಿಡೋಣ ಅಂತ ಹೆಜ್ಜೆ ಎತ್ತಿದ್ರು. ಎತ್ತಿದ ಕೂಡಲೇ ಮತ್ತೆ ಟಣ್ ಟಣ್. ಈ ಸಲ ಅವಸರದಲ್ಲಿ. ಎಲ್ಲಿಗೆ ಹೋಗ್ತೀಯಾ ಅನ್ನೋ ಹಾಗೆ.

ಕಾಂಪೌಂಡು ಒಂದು ಕಡೆ ಕುಸಿದಿತ್ತು. ಭಾವ ಅದನ್ನ ದಾಟಿ ಒಳಗೆ ಹೋದ್ರು. ಯಾಕೆ ಹೋದ್ರಿ ಅಂತ ನಾನು ಆಮೇಲೆ ಜಗಳಾನೇ ಆಡಿದೆ. "ಯಾರೋ ಒಬ್ಬ ಬದುಕಿದ್ದು ಒಳಗೆ ಸಿಕ್ಕಿಹಾಕ್ಕೊಂಡಿದ್ರೆ?" ಅಂದ್ರು. ಆ ಮನುಷ್ಯನೇ ಹಾಗೆ.

ಶೆಡ್ಡಿನಲ್ಲಿ ಹಳಿಗಳೆಲ್ಲ ಖಾಲಿ. ಕೊನೇ ಹಳಿ ಮೇಲೆ ಅದೊಂದೇ ನಿಂತಿತ್ತು, ಕಪ್ಪಗೆ, ಮಾಡಿನ ಎತ್ತರಕ್ಕೆ. ಎಣ್ಣೆ ಕಮಟು, ತೇವದ ವಾಸನೆ. ಎಲ್ಲೋ ನೀರು ತೊಟ್ಟಿಕ್ತಿತ್ತು, ಟಪ್... ಟಪ್. ಭಾವ ಮೊಬೈಲ್ ಟಾರ್ಚ್ ಹಾಕ್ಕೊಂಡು ಇಂಜಿನ್ ಹತ್ತಿದ್ರು. ಡ್ರೈವರ್ ನಿಲ್ಲೋ ಜಾಗದಲ್ಲಿ, ಕಲ್ಲಿದ್ದಲು ಎರಚೋಕೆ ಅಂತ ಒಂದು ದುಂಡನೆ ಬಾಯಿ ಇರತ್ತಲ್ಲ, ಮನುಷ್ಯ ತೆವಳಿ ನುಗ್ಗಬಹುದಾದಷ್ಟು. ಒಳಗೆ ಹೋಗೋಕೆ ಬರೋಕೆ ಅದೊಂದೇ ದಾರಿ. ಅದರ ಬಾಗಿಲು ತೆರೆದಿತ್ತು.

ಟಾರ್ಚ್ ಬಿಟ್ಟು ನೋಡಿದ್ರು. ತುಕ್ಕು. ಒಂದು ಹಳೇ ಹಕ್ಕಿಗೂಡು. ಯಾರೋ ಎಸೆದ ನೀರಿನ ಬಾಟ್ಲಿ. ಅಷ್ಟೇ. ಒಂದು ನರಪಿಳ್ಳೆ ಇಲ್ಲ.

ಆ ಖಾಲಿ ಜಾಗದಿಂದಲೇ, ಟಾರ್ಚಿನ ಬೆಳಕು ಬಿದ್ದ ಕಡೆಯಿಂದಲೇ, ಟಣ್... ಟಣ್. ಅದೇ ಹೊತ್ತಿಗೆ ದೂರದಲ್ಲಿ, ಹೊಗೆ ಹೋಗೋ ತುದಿ ಕಡೆ, ಕರ್ರ್... ಕರ್ರ್...

ಭಾವ ಕೇಳಿದ್ರು, ಪಿಸುಗುಟ್ಟಿ.

"ಯಾರು?"

ಒಳಗಿಂದಲೂ ಪಿಸುಮಾತೇ ಬಂತು. "ಅಣ್ಣಾ... ಹೊರಗಿದ್ದೀಯಲ್ಲ?"

"ಇದ್ದೀನಿ."

"ಹೋಗ್ಬೇಡ. ಹೋದ ಸಲ ಹೋಗಿಬಿಟ್ರು."

"ಯಾರು ಹೋದ್ರು?"

ಕರ್ರ್... ಕರ್ರ್...

"ನನ್ನ ಹೆಂಡ್ತಿ ಆಸ್ಪತ್ರೆಯಲ್ಲಿದಾಳಪ್ಪ," ಅಂದ್ರು ಭಾವ. ದೆವ್ವದ ಹತ್ರ ರಜೆ ಕೇಳಿದ ಮನುಷ್ಯ ಅವರೊಬ್ಬರೇ ಇರಬೇಕು. "ಹೆರಿಗೆ... ನಾನು ಹೋಗಲೇಬೇಕು."

ಆ ದನಿ ಹೇಳ್ತು, "ಇದ್ದೀನಿ ಅಂದೆಯಲ್ಲ ಅಣ್ಣಾ."

ಅಷ್ಟೇ ಅಂದಿದ್ದು. ಭಾವನ ಕೈ ಇಂಜಿನ್ ತಗಡಿನ ಮೇಲಿತ್ತು. ತೆಗೆಯೋಕೆ ಹೋದ್ರೆ ಬರಲಿಲ್ಲ. ಅಂಟಿಕೊಂಡಿತ್ತು ಅಂತಲ್ಲ... ತೆಗೀಬೇಕು ಅಂತ ಅಂದುಕೊಂಡ್ರೆ ಕೈ ಮಾತು ಕೇಳ್ತಿಲ್ಲ. ಫೋನು ಕೆಳಗೆ ಬಿತ್ತು. ಅಲ್ಲೇ ಹೊಡ್ಕೊಳ್ಳೋಕೆ ಶುರುವಾಯ್ತು. ಫೋನ್ ಮಾಡಿದ್ದು ನಾನೇ.

ಇಲ್ಲಿಂದ ನಾನು ಕಣ್ಣಾರೆ ಕಂಡಿದ್ದು.

ಆಸ್ಪತ್ರೆಯ ಕಾರಿಡಾರಿನಲ್ಲಿ ನಾನು ಫೋನ್ ಹಚ್ಚಿ ಹಚ್ಚಿ ಸಾಕಾಗಿದ್ದೆ. ರಿಂಗ್ ಆಗ್ತಿದೆ, ಎತ್ತಲ್ಲ. ಫ್ಯಾಕ್ಟರಿಗೆ ಮಾಡಿದ್ರೆ, ಹೊರಟು ಎಷ್ಟೋ ಹೊತ್ತಾಯ್ತು ಅಂದ್ರು. ಒಳಗೆ ಅಕ್ಕ ನೋವು ತಡೀಲಾರದೆ ಒಂದೇ ಮಾತು. "ಬಂದ್ರಾ? ಬಂದ್ರಾ?" ಡಾಕ್ಟರಮ್ಮ ಮುಖ ಗಂಟಿಕ್ಕಿಕೊಂಡು ಒಳಗೆ ಹೊರಗೆ ಓಡಾಡ್ತಿದ್ರು. ಈ ಸಲವೂ ಈ ಮನುಷ್ಯ ಬರದೇ ಹೋದ್ರೆ ನಮ್ಮಕ್ಕ ಉಳಿದ್ರೂ ಉಳಿದ ಹಾಗಲ್ಲ ಅನ್ನಿಸ್ತು. ಅಮ್ಮನಿಗೆ ಹೇಳಿ ಹೊರಟೆ, ಭಾವ ಬರೋ ದಾರಿಯಲ್ಲೇ.

ಬಾವಿ ಹತ್ರ ಬಂದು ಇನ್ನೊಂದು ಸಲ ಫೋನ್ ಹಚ್ಚಿದೆ. ಕಿವಿಯಲ್ಲಿ ರಿಂಗ್ ಆಗ್ತಿತ್ತು. ಶೆಡ್ಡಿನ ಒಳಗೂ ಆಗ್ತಿತ್ತು.

ಕಟ್ ಮಾಡಿದೆ. ಒಳಗೂ ನಿಂತಿತು.

ಬಿದ್ದು ಗಿದ್ದು ಪೆಟ್ಟಾಯ್ತೇನೋ ಅಂತ ಓಡಿದೆ ನಾನು. ದೆವ್ವದ ಯೋಚನೆ ಎಲ್ಲಿ ಬಂತು? ಇಂಜಿನ್ ಮೇಲೆ ಬೆಳಕು ಕಾಣ್ತಿತ್ತು. ಹತ್ತಿ ನೋಡಿದ್ರೆ ಭಾವ ನಿಂತಿದಾರೆ. ನೆಟ್ಟಗೆ. ಒಂದು ಕೈ ಇಂಜಿನ್ ಮೇಲೆ. ಮುಖದಲ್ಲಿ ನೀರಿಳೀತಿದೆ, ಬೆವರೋ ಕಣ್ಣೀರೋ ಗೊತ್ತಾಗಲ್ಲ.

"ಭಾವ! ಏನ್ರೀ ಇದು? ಅಲ್ಲಿ ಅಕ್ಕ..."

"ಶ್‌ಶ್... ಬಾಯಿಬಡುಕಿ, ಮೆಲ್ಲಗೆ." ನನ್ನನ್ನ ಅವರು ಕರೆಯೋದೇ ಹಾಗೆ. "ಒಳಗೆ ಇದಾರೆ."

"ಯಾರಿದಾರೆ? ಬನ್ನಿ ನೀವು ಮೊದಲು." ತೋಳು ಹಿಡಿದು ಎಳೆದೆ. ಅಲುಗಲಿಲ್ಲ. ಗೋಡೆ ಎಳೆದ ಹಾಗೆ.

ಆಗ ನನಗೂ ಕೇಳಿಸ್ತು. ಟಣ್... ಟಣ್. ನನ್ನ ಎದೆ ಮಟ್ಟದಲ್ಲಿ, ಆ ದುಂಡನೆ ಬಾಯಿಂದ. ಭಾವ ಬೆರಳಿನ ಗೆಣ್ಣಿನಿಂದ ತಿರುಗಿ ಎರಡು ಸಲ ತಟ್ಟಿದ್ರು. ತಟ್ಟಿ ತಟ್ಟಿ ಗೆಣ್ಣು ಸುಲಿದು ರಕ್ತ ಬರ್ತಿತ್ತು.

ಭಯಕ್ಕಿಂತ ಮುಂಚೆ ನನಗೆ ಬಂದಿದ್ದು ಸಿಟ್ಟು. ಅಕ್ಕನ ಮೊದಲನೇ ಮಗು ಹೋಗಿದ್ದು, ಅವಳ ಆ ಮುಖ, ಎಲ್ಲ ಕಣ್ಣ ಮುಂದೆ ಬಂತು. ಈ ಹೆಗಲು ಮುಟ್ಟೋ ಪದ್ಧತಿ ನನಗೂ ಗೊತ್ತಿತ್ತಲ್ಲ, ಊಟದ ಹೊತ್ತಿನಲ್ಲಿ ಕೇಳಿ ಕೇಳಿ ಕಿವಿ ತೂತಾಗಿತ್ತು. ಭಾವನ ಹೆಗಲ ಮೇಲೆ ಕೈಯಿಟ್ಟು ಹೇಳಿಬಿಟ್ಟೆ.

"ನಾನು ನಿಲ್ತೀನಿ. ನೀವು ಹೋಗಿ."

"ಬೇಡ ಕಣೇ..."

"ಹೋಗಿ ಅಂದ್ನಲ್ಲ!"

ಅವರ ಕೈ ಇಂಜಿನ್‌ನಿಂದ ಬಿಟ್ಟುಕೊಂಡ್ತು. ಅವರು ನನ್ನ ಮುಖ ನೋಡಿದ್ರು, ಆಸ್ಪತ್ರೆ ದಿಕ್ಕು ನೋಡಿದ್ರು. "ಮೂರು ಏಟು ಬಿದ್ರೆ ಕೈ ಕೊಡು. ಗಟ್ಟಿಯಾಗಿ ಹಿಡಿ. ಮಧ್ಯದಲ್ಲಿ ಬಿಡಬೇಡ." ಅಷ್ಟು ಹೇಳಿ ಇಳಿದು ಓಡಿದ್ರು. ಜಲ್ಲಿ ಮೇಲೆ ಅವರ ಹೆಜ್ಜೆ ಕರಕರ ಕರಕರ ಅಂತ ದೂರ ಹೋಯ್ತು... ಆಮೇಲೆ ಅದೂ ಇಲ್ಲ.

ಅವರು ಆಚೆ ಹೋದ ಮೇಲೆ ನಾನೂ ಮೆಲ್ಲಗೆ ಜಾರಿಕೊಳ್ಳೋದು ಅಂತ ಅಂದುಕೊಂಡಿದ್ದೆ. ನಿಜ ಹೇಳ್ತೀನಿ, ಅದೇ ನನ್ನ ಲೆಕ್ಕಾಚಾರ. ಕೆಳಗಿಳಿಯೋಕೆ ಕಂಬಿ ಹಿಡಿದೆ.

ಟಣ್... ಟಣ್.

ಹಿಡಿದ ಕಂಬಿ ಬಿಡೋಕೆ ಆಗಲಿಲ್ಲ.

ಟಣ್ ಟಣ್. ಟಣ್ ಟಣ್. ಟಣ್ ಟಣ್.

ಆ ಸದ್ದಿನಲ್ಲಿ ಎಂಥಾ ದಿಗಿಲಿತ್ತು ಗೊತ್ತಾ? ಸಂತೆಯಲ್ಲಿ ಕೈ ತಪ್ಪಿದ ಮಗು ಅಮ್ಮಾ ಅಮ್ಮಾ ಅಂತ ಕೂಗೋ ಹಾಗೆ. ನಾನು ಬೆರಳಲ್ಲಿದ್ದ ಉಂಗುರದಿಂದ ಎರಡು ಸಲ ತಟ್ಟಿದೆ. ನಿಂತಿತು. ಕೆರೆಯೋದು ಶುರುವಾಯ್ತು.

ಎಷ್ಟು ಹೊತ್ತು ನಿಂತೆ ಅಂತ ಕೇಳ್ಬೇಡಿ. ಭಾವನ ಫೋನು ಅಲ್ಲೇ ಬಿದ್ದಿತ್ತು, ಬ್ಯಾಟರಿ ಮುಗಿದು ಅದರ ಟಾರ್ಚು ಆರಿಹೋಯ್ತು. ನನ್ನ ಫೋನು ರವಿಕೆಯೊಳಗಿತ್ತು, ತೆಗೆಯೋಕೆ ಧೈರ್ಯ ಇಲ್ಲ. ಬೆಳಕು ಬಿಟ್ಟು ಆ ಬಾಯೊಳಗೆ ಏನಾದ್ರೂ ಕಂಡುಬಿಟ್ರೆ? ಕತ್ತಲೇ ವಾಸಿ ಅನ್ನಿಸ್ತು. ಮನಸ್ಸಿನಲ್ಲಿ ಅಕ್ಕನ ಹೆಸರೇ ಹೇಳ್ಕೊಳ್ತಿದ್ದೆ. ಆ ಬಾಯಿಂದ ಆಗಾಗ ಬಿಸಿ ಗಾಳಿ ಬಂದು ನನ್ನ ಎದೆಗೆ ತಾಗ್ತಿತ್ತು. ಬೆಂಕಿ ಕಂಡು ಎಷ್ಟು ವರ್ಷ ಆಗಿತ್ತೋ ಆ ಇಂಜಿನ್ನು.

ಒಂದು ಹೊತ್ತಿಗೆ ಎಲ್ಲ ನಿಂತಿತು. ತೊಟ್ಟಿಕ್ಕೋ ನೀರೂ ನಿಂತ ಹಾಗಾಯ್ತು.

ಟಣ್. ಟಣ್... ಟಣ್.

ಮೂರು.

ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಬಲಗೈಯನ್ನ ಆ ಬಾಯೊಳಗೆ ಚಾಚಿದೆ. ಏನೂ ಇಲ್ಲ. ಇನ್ನೂ ಚಾಚಿದೆ, ಮೊಣಕೈವರೆಗೂ. ಏನೂ ಇಲ್ಲ... ಆಮೇಲೆ ಒಂದು ಕೈ ಬಂದು ನನ್ನ ಮಣಿಕಟ್ಟು ಹಿಡೀತು.

ಒರಟು ಕೈ. ತಣ್ಣಗಿಲ್ಲ, ನೆನಪಿಟ್ಕೊಳ್ಳಿ. ಬೆಚ್ಚಗಿತ್ತು. ಬೆವರಿತ್ತು. ನಾನು ಕಿರುಚಿದ್ನೋ ಇಲ್ವೋ ಗೊತ್ತಿಲ್ಲ, ಕೈ ಮಾತ್ರ ಬಿಡಲಿಲ್ಲ. ಕಾಲನ್ನ ತಗಡಿಗೆ ಒತ್ತು ಕೊಟ್ಟು ಎಳೆದೆ. ಭಾರ ಅಂದ್ರೆ ಭಾರ. ತುಂಬಿದ ಅಕ್ಕಿ ಮೂಟೆ ಎಳೆದ ಹಾಗೆ. ಬಟ್ಟೆ ಕಬ್ಬಿಣಕ್ಕೆ ಉಜ್ಜೋ ಸದ್ದು, ಪರ್ರ್ ಅಂತ ಎಲ್ಲೋ ಹೊಲಿಗೆ ಬಿಟ್ಟಿದ್ದು... ನನಗೆ ಆ ಸದ್ದು ಗೊತ್ತಿಲ್ವಾ? ದಿನವೂ ಕೇಳ್ತೀನಿ. ಆಮೇಲೆ ನನ್ನ ಪಕ್ಕದಲ್ಲೇ ದಬ್ ಅಂತ ಎರಡು ಕಾಲು ಊರಿದ ಸದ್ದು. ಇಡೀ ಇಂಜಿನ್ ಅದುರಿತು.

ಕೈ ಬಿಟ್ಟಿತು. ಕೆನ್ನೆ ಹತ್ರ ಒಂದು ಉಸಿರು, ದೀರ್ಘವಾಗಿ. ಆಮೇಲೆ ಹೆಜ್ಜೆ. ಇಂಜಿನ್ ಇಳೀತು, ಜಲ್ಲಿ ತುಳೀತು, ಬಾವಿ ಕಡೆ ಹೋಯ್ತು. ರಾಟೆ ಕಿರ್ರ್ ಅಂತು. ಕೊಡ ನೀರಿಗೆ ಬಿದ್ದ ಸದ್ದು, ಗುಳುಂ ಅಂತ. ಯಾರೋ ಬೊಗಸೆ ಬೊಗಸೆ ನೀರು ತಗೊಂಡು ಮುಖ ತೊಳ್ಕೊಳ್ತಿದಾರೆ. ಆ ಬಾವಿಗೆ ರಾಟೆ ಇಲ್ಲ. ನೀರೂ ಇಲ್ಲ. ಜಾಲರಿ ವೆಲ್ಡಿಂಗ್ ಆಗಿದೆ ಅಂತ ಆಗಲೇ ಹೇಳಿದ್ನಲ್ಲ.

ನನ್ನ ಕೈ ಈಗ ನನ್ನ ಮಾತು ಕೇಳ್ತು. ಭಾವನ ಫೋನ್ ತಡಕಿ ತಗೊಂಡು, ಬಾವಿ ಕಡೆ ಹೋಗದೆ, ಶೆಡ್ಡಿನ ಹಿಂದೆ ತಗಡು ಕಿತ್ತುಹೋದ ಕಿಂಡಿಯಲ್ಲಿ ನುಸುಳಿ ಓಡಿದೆ. ಚಪ್ಪಲಿ ಎಲ್ಲಿ ಬಿಟ್ಟೆನೋ.

ಆಸ್ಪತ್ರೆ ತಲುಪೋ ಹೊತ್ತಿಗೆ ಬೆಳಕು ಹರೀತಿತ್ತು. ಬಾಗಿಲಲ್ಲೇ ಕೇಳಿಸ್ತು, ಮಗು ಅಳೋದು. ನನಗೆ ಅಲ್ಲೇ ಅಳು ಬಂತು, ತಡ್ಕೊಳ್ಳಲಿಲ್ಲ. ಹೆಣ್ಣು ಮಗು. ಅಕ್ಕ ನಿದ್ದೆ ಹೋಗಿದ್ಲು, ಅವಳ ಒಂದು ಕೈ ಭಾವನ ಕೈಯಲ್ಲಿತ್ತು. ಸರಿಯಾದ ಹೊತ್ತಿಗೆ ಬಂದಿದ್ರಂತೆ. ಇವರ ಮುಖ ಕಂಡ ಮೇಲೇನೇ ಅಕ್ಕನಿಗೆ ಜೀವ ಬಂದಿದ್ದು ಅಂದ್ಲು ಅಮ್ಮ.

ಭಾವ ತಲೆ ಎತ್ತಿ ನನ್ನ ನೋಡಿದ್ರು. ಪಿಸುಗುಟ್ಟಿದ್ರು.

"ಬಂದ್ನಾ?"

"ಬಂದ."

"ಎಷ್ಟು ಜನ ಬಂದ್ರು?"

ನನಗೆ ಅರ್ಥ ಆಗಲಿಲ್ಲ. "ಒಬ್ಬ. ಎಷ್ಟು ಜನ ಬರಬೇಕಿತ್ತು?"

ಭಾವನ ಮುಖ ಬಿಳಿಚಿಕೊಂಡಿತು. "ಜಾಗ ಬಿಟ್ಟುಕೊಡುವಾಗ ಎಷ್ಟು ಜನ ಒಳಗಿದಾರೆ ಅಂತ ಹೇಳಬೇಕು. ಅದೇ ಮೊದಲ ಮಾತು. ನಾನು ಅವಸರದಲ್ಲಿ ಹೇಳಲಿಲ್ಲ ಕಣೇ... ತಟ್ಟುತ್ತಿದ್ದವನು ಒಬ್ಬ. ಕೆರೀತಿದ್ದವನು ಇನ್ನೊಬ್ಬ."

ಎದ್ದು ಚಪ್ಪಲಿ ಹಾಕ್ಕೊಂಡ್ರು. ಅಕ್ಕ ಕಣ್ಣು ಬಿಡದೇನೇ ಅವರ ಬೆರಳು ಬಿಗಿಯಾಗಿ ಹಿಡ್ಕೊಂಡ್ಲು. "ಎಲ್ಲಿಗೆ?" ಅಂದ್ಲು. ಭಾವ ಮಗು ನೋಡಿದ್ರು, ಬಾಗಿಲು ನೋಡಿದ್ರು. ಕೂತ್ಕೊಂಡ್ರು. ಸಂಜೆ ಹೋಗಿ ನೋಡೋ ಹೊತ್ತಿಗೆ ಶೆಡ್ಡು ಖಾಲಿ. ಲಾರಿ ಬಂದು ಇಂಜಿನ್ ಹೊತ್ಕೊಂಡು ಹೋಗಿಯಾಗಿತ್ತು.

ಇನ್ನು ಸ್ವಲ್ಪ ಇದೆ. ಮ್ಯೂಸಿಯಂ ಬೀಗದಕೈ ಇಟ್ಟುಕೊಂಡಿದ್ದ ಅಜ್ಜ ಆ ಲಾರಿಯಲ್ಲೇ ಜೊತೆಗೆ ಹೋಗಿದ್ದ. ವಾಪಸ್ ಬಂದವನು ಟೀ ಅಂಗಡಿಯಲ್ಲಿ ನಗ್ತಾ ಹೇಳಿದ. ದಾರಿಯುದ್ದಕ್ಕೂ ಹಿಂದೆ ಏನೋ ಟಣ್ ಟಣ್ ಅಂತಿತ್ತಂತೆ. ಡ್ರೈವರ್ ಇಳಿದಿಳಿದು ಸರಪಳಿ ನೋಡ್ತಿದ್ನಂತೆ, ಸರಪಳಿ ಬಿಗಿಯಾಗೇ ಇತ್ತಂತೆ. ಕೊನೆಗೆ ರೇಗಿಹೋಗಿ ಸ್ಪ್ಯಾನರ್ ತಗೊಂಡು ಇಂಜಿನ್‌ಗೆ ಎರಡು ಬಿಟ್ಟನಂತೆ. "ಆಮೇಲೆ ನೋಡಿ, ಸದ್ದೇ ಇಲ್ಲ!" ಅಂದ ಅಜ್ಜ.

ಭಾವ ಟೀ ಲೋಟ ಕೆಳಗಿಟ್ರು. "ಆ ಡ್ರೈವರ್ ಎಲ್ಲಿ ಈಗ?"

"ಅಲ್ಲೇ ಉಳ್ಕೊಂಡ. ಲಾರಿ ಬೇರೆಯವನು ತಂದ. ಯಾಕೋ ಏನೋ."

ಅದು ಯಾವ ಊರು ಅಂತ ಭಾವ ಕೇಳಲಿಲ್ಲ. ಕೇಳಿದ್ರೆ ಹೊರಟುಬಿಡ್ತಿದ್ರು, ಅದು ಅವರಿಗೂ ಗೊತ್ತು, ನನಗೂ ಗೊತ್ತು. ಮನೆಗೆ ಹೋಗಿ ಮಗೂನ ಎದೆಗೆ ಹಾಕ್ಕೊಂಡು ಕೂತ್ರು.

ನಾನು ಕೇಳಿದೆ. ಬಸ್ ಹತ್ತಿ ಹೋಗಿಯೂ ಬಂದೆ, ಹಾಡುಹಗಲಲ್ಲಿ. ಇಂಜಿನ್‌ಗೆ ಹೊಸ ಬಣ್ಣ ಹೊಡೆದಿದಾರೆ, ಸುತ್ತ ಹಗ್ಗ ಕಟ್ಟಿದಾರೆ. ಜನ ಫೋಟೋ ತೆಗೆಸ್ಕೊಳ್ತಿದ್ರು. ಹಗ್ಗದ ಒಳಗೆ ಒಬ್ಬ ನಿಂತಿದ್ದ, ಗಡ್ಡ ಬೆಳೆದಿತ್ತು, ಒಂದು ಕೈ ಇಂಜಿನ್ ಮೇಲೆ. ಹತ್ರ ಹೋಗಿ ಮೆಲ್ಲಗೆ ಕೇಳಿದೆ, "ಅಣ್ಣಾ, ಒಳಗೆ ಎಷ್ಟು ಜನ?"

ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ. "ಇಬ್ಬರು," ಅಂದ.

ಒಬ್ಬನೇ ಉಳಿದಿರಬೇಕಿತ್ತಲ್ಲ. ಇನ್ನೊಬ್ಬನನ್ನ ನಾನೇ ಎಳೆದಿದ್ದೆ. ಈ ಕೈಯಲ್ಲೇ. ಭಾರ ಇತ್ತು ಅಂತ ಹೇಳಿದ್ನಲ್ಲ... ಸುಳ್ಳಲ್ಲ ಕಣ್ರೋ. ಇತ್ತು.